ಬಟ್ಟೆ ನೋಡಿ ಕೊಲೆಗಾರನನ್ನು ಹಿಡಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಲಾಂಡ್ರಿಯಲ್ಲಿ ಕಲೆ ತೆಗೆಯುವ ಕೆಲಸ. ಶಾಯಿ, ಎಣ್ಣೆ, ಲಿಪ್‌ಸ್ಟಿಕ್, ರಕ್ತ, ಏನೇ ಇರಲಿ, ಇಪ್ಪತ್ತೆರಡು ವರ್ಷದಿಂದ ಉಜ್ಜುತ್ತಲೇ ಇದ್ದಾರೆ. ಭಾನುವಾರ ಸಂಜೆ ಟೀವಿಯಲ್ಲಿ ಕೊಲೆಯ ಧಾರಾವಾಹಿ. ವಾರಕ್ಕೊಂದು ಕೊಲೆ, ವಾರಕ್ಕೊಬ್ಬ ಕೊಲೆಗಾರ. ಮೊದಲ ಜಾಹೀರಾತು ಬರುವಷ್ಟರಲ್ಲಿ ಅವನು ಯಾರೆಂದು ಚಿಕ್ಕಮ್ಮ ಹೇಳಿಬಿಡುತ್ತಿದ್ದರು. ಹೇಳಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ.

ನಮ್ಮಪ್ಪ ನಿವೃತ್ತ ಪೊಲೀಸು. ತಮ್ಮನ ಹೆಂಡತಿ ತಮಗಿಂತ ಮೊದಲೇ ಕೊಲೆಗಾರನನ್ನು ಹಿಡಿಯುವುದು ಅವರಿಗೆ ನುಂಗಲಾರದ ತುತ್ತು. ಬರೀ ಅದೃಷ್ಟ ಎಂದು ಮೂಗು ಮುರಿಯುತ್ತಿದ್ದರು. ಧಾರಾವಾಹಿಯ ಪತ್ತೇದಾರ ಎಡವಿ ಬಿದ್ದಲ್ಲೇ ಚಾಕು ಸಿಕ್ಕರೆ ಮಾತ್ರ ಅದು ಜಾಣ್ಮೆ. ಅಪ್ಪನ ಇಡೀ ಸರ್ವಿಸ್ಸಿನಲ್ಲಿ ಸಿಕ್ಕ ಒಬ್ಬನೇ ಕಳ್ಳ, ಓಡಿಬಂದು ಇವರಿಗೇ ಡಿಕ್ಕಿ ಹೊಡೆದವನು. ಅದೂ ಜಾಣ್ಮೆಯೇ.

ಚಿಕ್ಕಮ್ಮ ತಮ್ಮ ಲೆಕ್ಕಾಚಾರವನ್ನೇನೂ ಮುಚ್ಚಿಟ್ಟಿರಲಿಲ್ಲ. ಧಾರಾವಾಹಿಯವರು ರಕ್ತವೆಂದು ಬಳಿಯುವ ಆ ಕೆಂಪು ಬಣ್ಣ ಒಳ್ಳೆಯ ಬಟ್ಟೆಗೆ ತಗುಲಿದರೆ ಮುಗಿಯಿತು, ಹೋಗುವುದಿಲ್ಲ. ಹಾಗಾಗಿ ಕೊಲೆ ಮಾಡುವವನಿಗೆ ಅಗ್ಗದ ಹತ್ತಿ ಅಂಗಿಯನ್ನೇ ಹಾಕುತ್ತಾರೆ. ಮಕಮಲ್ಲು ತೊಟ್ಟವನು ನಿರಪರಾಧಿ. ಹಾಗಿದ್ದರೆ ಠಾಣೆಯೇಕೆ, ಊರಿಗೊಂದು ಲಾಂಡ್ರಿ ಸಾಕಲ್ಲ ಎಂದು ಅಪ್ಪ ನಗುತ್ತಿದ್ದರು. ಕೈಚರ್ಮ ಸುಲಿಸಿಕೊಂಡು ಕಲಿತದ್ದನ್ನು ಅದೃಷ್ಟವೆಂದರೆ ನನಗಂತೂ ಮೈ ಉರಿಯುತ್ತಿತ್ತು.

ಧಾರಾವಾಹಿಯ ಕೊನೆಯ ಕಂತಿನ ದಿನ ಅಪ್ಪ ಪಂಥ ಕಟ್ಟಿದರು. ಚಿಕ್ಕಮ್ಮ ಗೆದ್ದರೆ, ಇದು ಅದೃಷ್ಟವಲ್ಲ, ವಿದ್ಯೆ ಎಂದು ಮನೆಮಂದಿಯ ಮುಂದೆ ಒಪ್ಪುತ್ತಾರೆ. ಸೋತರೆ ಚಿಕ್ಕಮ್ಮ ಇನ್ನು ಟೀವಿ ಮುಂದೆ ತುಟಿ ಬಿಚ್ಚುವಂತಿಲ್ಲ. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಕೂತು, ಹತ್ತಿ ಅಂಗಿಯ ಡ್ರೈವರನ ಕಡೆಗೆ ಬೆರಳು ತೋರಿಸಿದರು.

ಕೊಲೆ ಮಾಡಿದ್ದು ಡಾಕ್ಟರು! ಮೊದಲ ಕಂತಿನಿಂದಲೂ ಮಕಮಲ್ಲಿನ ಕೋಟು ತೊಟ್ಟೇ ಬರುತ್ತಿದ್ದವನು. ಈಗ ಅದರ ಎದೆಯ ಮೇಲೆಲ್ಲ ಕೆಂಪು. ಚಿಕ್ಕಮ್ಮ ಪಂಥ ಮರೆತು ಕೋಟಿಗಾಗಿ ಲೊಚಗುಟ್ಟಿದರು. ನನಗೆ ಅಳು ಬರುವ ಹಾಗಾಯಿತು.

ಅಪ್ಪ ಖುಷಿ ತಡೆಯಲಾರದೆ ಎದ್ದೇ ನಿಂತರು. "ಇದು ಕೊನೇ ಕಂತು ಕಣಮ್ಮ. ಇನ್ಮೇಲೆ ಆ ಕೋಟು ಯಾರಿಗೆ ಬೇಕು? ಹಾಳಾದ್ರೆ ಆಗ್ಲಿ ಅಂತ ಬಿಟ್ಟಿದ್ದಾರೆ. ನಿನಗೆ ಇಷ್ಟೂ ಹೊಳೀಲಿಲ್ವಾ?"

"ಹೊಳೀಲಿಲ್ಲ ಭಾವ, ಸೋತೆ. ಇನ್ನು ಬಾಯಿ ಬಿಡಲ್ಲ" ಎಂದರು ಚಿಕ್ಕಮ್ಮ. ಆಮೇಲೆ ಮೆಲ್ಲಗೆ, "ಆದ್ರೆ ನನ್ನ ಲೆಕ್ಕ ತಪ್ಪಿದ್ದು ಎಲ್ಲಿ ಅಂತ ತೋರಿಸಿದ್ರಿ, ಅದೃಷ್ಟ ಕೈಕೊಡ್ತು ಅಂತ ನೀವು ಹೇಳಲೇ ಇಲ್ವಲ್ಲ" ಎಂದರು.

ಮನೆಮಂದಿಯೆಲ್ಲ ಅಪ್ಪನ ಮುಖ ನೋಡಿದರು. ಅಪ್ಪ ಗಡಿಬಿಡಿಯಿಂದ ಸೋಫಾದ ಸಂದಿಯಲ್ಲಿ ರಿಮೋಟು ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.