ಸುನೋಲ್ ದಾರಿಯ ಡ್ರೈವಿಂಗ್ ಅಂಕಲ್

ಡ್ರೈವಿಂಗ್ ಅಂಕಲ್ ಕಾರಿನಲ್ಲಿ ಪಕ್ಕದ ಸೀಟಿನ ಮುಂದಿದ್ದ ಮ್ಯಾಟು ಒಂದೇ ಜಾಗದಲ್ಲಿ ಸವೆದು ತೂತಾಗಿತ್ತು. ಅಲ್ಲಿ ಬ್ರೇಕೇನೂ ಇರಲಿಲ್ಲ. ಆದರೂ ನಮ್ಮಂಥವರಿಗೆ ಕಲಿಸುವಾಗ ಅವರ ಬಲಗಾಲು ಅಲ್ಲೇ ಬ್ರೇಕು ಒತ್ತುತ್ತಿತ್ತು. ತಲೆಗೆ ಉಣ್ಣೆ ಟೋಪಿ, ಕೊರಳಲ್ಲಿ ದುರ್ಬೀನು. ಅದರ ಪಟ್ಟಿ ಕಿತ್ತುಹೋಗಿದ್ದರಿಂದ ಹಳೆಯ ಪೈಜಾಮದ ಲಾಡಿಯನ್ನೇ ಕಟ್ಟಿಕೊಂಡಿದ್ದರು.

ಮಂಡ್ಯದ ಕಡೆಯವರು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ದುಡಿದು ರಿಟೈರಾಗಿ, ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಎದುರು ಮನೆಯಲ್ಲಿದ್ದರು. ಸ್ಟಿಯರಿಂಗ್ ಮುಟ್ಟಿದರೆ ಬೆವರುವವರಿಗೆಲ್ಲ ಪುಕ್ಕಟೆ ಪಾಠ ಹೇಳುತ್ತಿದ್ದರು. ಷರತ್ತು ಒಂದೇ: ಪಾಠ ಸುನೋಲ್‌ನಲ್ಲಿ ನಡೆಯಬೇಕು. ಫ್ರೀವೇ ಹೆದ್ದಾರಿಯಿಂದ ಇಳಿದರೆ ಗುಡ್ಡಗಳ ನಡುವೆ ಸಿಗುವ ಪುಟ್ಟ ಹಳ್ಳಿ ಅದು. ಒಂದು ಪೋಸ್ಟಾಫೀಸು, ಹಳೆಯ ರೈಲ್ವೆ ಸ್ಟೇಷನ್ನು, ಓಕ್ ಮರಗಳು, ಕುದುರೆ ಮೇಯುವ ಬಯಲು. ರಸ್ತೆ ಖಾಲಿ ಇರುತ್ತದೆ ಎಂದು ಕಾರಣ ಹೇಳುತ್ತಿದ್ದರು. ನಿಜವಾದ ಕಾರಣ ಬೇರೆ: ನವೆಂಬರ್ ಬಂತೆಂದರೆ ಉತ್ತರದ ಹಕ್ಕಿಗಳು ಅಲ್ಲಿಗೆ ಬಂದಿಳಿಯುತ್ತಿದ್ದವು.

ಆಗ ನನಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಮಗಳು ಹುಟ್ಟಿದ ಮೇಲೆ ಸಿಕ್ಕ ಮೊದಲ ಕೆಲಸ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಸೇರಬೇಕಿತ್ತು. ಫ್ರೀವೇಯಲ್ಲಿ ಓಡಿಸಲು ಬಾರದಿದ್ದರೆ ಆ ಕೆಲಸವನ್ನು ಮರೆಯಬೇಕಿತ್ತು.

ಸುನೋಲ್ ತನಕ ಅಂಕಲ್ ಓಡಿಸುತ್ತಿದ್ದರು, ಅಲ್ಲಿಂದ ಕೀಲಿ ನನ್ನ ಕೈಗೆ. ಎರಡು ತಿರುವು ದಾಟುವುದರೊಳಗೆ ಒಮ್ಮೆ "ಬ್ರೇಕ್, ಬ್ರೇಕ್!" ಎಂದು ಕೂಗಿದರು. ಗಕ್ಕನೆ ಕಾರು ನಿಲ್ಲಿಸಿದೆ. ಅವರು ಆಗಲೇ ದುರ್ಬೀನು ಎತ್ತಿದ್ದರು. ಕೆಂಪು ಹಣ್ಣಿನ ಗಿಡವೊಂದರ ಮೇಲೆ, ಬಾಲದ ತುದಿಯನ್ನು ಹಳದಿ ಬಣ್ಣದಲ್ಲಿ ಅದ್ದಿ ತೆಗೆದಂತಿದ್ದ ಹಕ್ಕಿಗಳ ಹಿಂಡು ಹಣ್ಣು ಮುಕ್ಕುತ್ತಿತ್ತು.

"ಅಂಕಲ್, ನಾನು ಸತ್ತೇಹೋಗಿದ್ದೆ!"

"ಹಿಂದೆ ಯಾರೂ ಇಲ್ಲ ಅಂತ ನೋಡೇ ಹೇಳಿದ್ದು ಕಣಮ್ಮ. ಬ್ರೇಕ್ ಚೆನ್ನಾಗ್ ಹಾಕ್ದೆ."

ಇನ್ನೊಮ್ಮೆ ಕಿಟಕಿಯಿಂದ ಕಂದು ಬಣ್ಣದ ಪತಂಗವೊಂದು ಒಳಗೆ ಬಂದು ಸ್ಟಿಯರಿಂಗ್ ಮೇಲೆಯೇ ಕೂತಿತು. ನಾನು ಚೀರಿದೆ. ಅಂಕಲ್ ಬಗ್ಗಿ ಅದರ ಮೀಸೆ ನೋಡುತ್ತ, "ಗಂಡು ಇದು, ಮೀಸೆ ನೋಡು ಗರಿ ಥರ ಇದೆ. ಅದೇನೂ ಓಡ್ಸಲ್ಲ, ನೀನು ಓಡ್ಸು" ಎಂದರು. ಆ ಪತಂಗ ಪೋಸ್ಟಾಫೀಸಿನವರೆಗೂ ನಮ್ಮ ಜೊತೆ ಬಂದಿತು.

ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದಾಗ ಅಂಕಲ್ ಮೆಟ್ಟಿಲಲ್ಲಿ ಜಾರಿ ಬಲಗಾಲು ಉಳುಕಿಸಿಕೊಂಡರು. ಮರುದಿನ ಬೆಳಿಗ್ಗೆಯೇ ಫೋನು: "ಸುನೋಲ್‌ಗೆ ಕಿತ್ತಳೆ ಹುಬ್ಬಿನ ಹಕ್ಕಿ ಬಂದದಂತೆ. ಎಲ್ಲಾ ವರ್ಷ ಬರಲ್ಲ ಅದು. ನಂಗೆ ಓಡ್ಸಕ್ಕಾಗಲ್ಲ. ಹೊರಡು."

"ಫ್ರೀವೇ ಮೇಲೆ? ನಾನಾ?"

"ಮತ್ತೆ ಆ ಹಕ್ಕಿ ಓಡ್ಸುತ್ತಾ?"

ಫ್ರೀವೇ ಸೇರುವ ರ‍್ಯಾಂಪಿನಲ್ಲಿ ಪಕ್ಕದಿಂದ ಲಾರಿಗಳು ಅಬ್ಬರಿಸಿಕೊಂಡು ಹೋಗುತ್ತಿದ್ದವು. ನಾನು ಕಾರು ನಿಧಾನಿಸಿದೆ. ಅಂಕಲ್ ಮಾತ್ರ ಮೆಲ್ಲಗೆ ಹೇಳಿದರು, "ನಾಲೆ ನೀರು ಅಂದ್ಕೊ. ನೀರು ಹರಿಯೋ ಸ್ಪೀಡಲ್ಲೇ ಹೋಗಿ ಸೇರ್ಕೊ. ಅಂಚಲ್ಲಿ ನಿಂತ್ಕೊಂಡು ಯೋಚ್ನೆ ಮಾಡ್ಬೇಡ." ಸೇರಿಕೊಂಡೆ. ಗುಡ್ಡ ಹತ್ತಿ ಇಳಿದು ಸುನೋಲ್ ತಲುಪಿದೆವು.

ಹಕ್ಕಿ ಇದ್ದ ಓಕ್ ಮರದವರೆಗೆ ನಡೆಯಲು ಅವರಿಗೆ ಸಾಧ್ಯವಾಗಲಿಲ್ಲ. ದುರ್ಬೀನನ್ನು ನನ್ನ ಕೊರಳಿಗೆ ಹಾಕಿ ಕಳಿಸಿದರು. ಮರದ ಸುತ್ತ ಬಿಸಿಲಿನಲ್ಲಿ ನೂರಾರು ಪತಂಗಗಳು ಉದುರಲು ಮನಸ್ಸಿಲ್ಲದ ಎಲೆಗಳಂತೆ ಸುತ್ತುತ್ತಿದ್ದವು. ಕೆಳಗೆ ತರಗೆಲೆಗಳನ್ನು ಎತ್ತೆತ್ತಿ ಹಾಕುತ್ತ ಆ ಹಕ್ಕಿ ಓಡಾಡುತ್ತಿತ್ತು. ಕಿತ್ತಳೆ ಹುಬ್ಬು, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ನಾನು ಓಡುತ್ತ ಬಂದು, ಮಗುವಿನಂತೆ ತೊದಲುತ್ತ ಎಲ್ಲವನ್ನೂ ವರ್ಣಿಸಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಸಾಕು ಬುಡು, ನಾನೂ ನೋಡ್ದಂಗಾಯ್ತು," ಎಂದು ಬಾಯಿ ತುಂಬ ನಕ್ಕರು.

ಲೈಸೆನ್ಸು ಸಿಕ್ಕಿತು, ಕೆಲಸಕ್ಕೂ ಸೇರಿದೆ. ಆಮೇಲೆ ಪ್ರತಿ ನವೆಂಬರಿನಲ್ಲೂ ಅವರನ್ನು ಸುನೋಲ್‌ಗೆ ಕರೆದೊಯ್ಯುವ ಭಾಗ್ಯ ನನ್ನದಾಯಿತು. ಹೋದ ಬೇಸಿಗೆಯಲ್ಲಿ, ಹಿತ್ತಲಿನ ಕುರ್ಚಿಯಲ್ಲಿ ಕೂತಲ್ಲೇ ಅವರು ತೀರಿಕೊಂಡರು.

ಊರಿಗೆಲ್ಲ ಕಲಿಸಿದವರು ತಮ್ಮ ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. ಎರಡನೇ ಪಾಠದಲ್ಲೇ ಜಗಳವಾಗಿ, ಆಂಟಿ ಕಾರಿನಿಂದಿಳಿದು ನಡೆದುಕೊಂಡೇ ಮನೆಗೆ ಬಂದಿದ್ದರಂತೆ. ಈ ನವೆಂಬರಿನಲ್ಲಿ ಅವರೇ ನಮ್ಮ ಬಾಗಿಲು ತಟ್ಟಿದರು.

"ಕಲಿಯೋ ಪರ್ಮಿಟ್ ತಗೊಂಡಿದೀನಿ. ಸುನೋಲ್‌ನಲ್ಲೇ ಕಲಿಸ್ಬೇಕು. ಜಗಳ ಆಡ್ಬಾರ್ದು."

ನಿನ್ನೆ ನಮ್ಮ ಎರಡನೇ ಪಾಠ. ಹಳ್ಳಿಯ ರಸ್ತೆಯಲ್ಲಿ ಆಂಟಿ ಎಷ್ಟು ನಿಧಾನ ಹೊರಟರೆಂದರೆ ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನು ಹೊಡೆಯತೊಡಗಿದವು. ಸ್ವಲ್ಪ ಬೇಗ ಹೋಗಿ ಎಂದೆ.

"ಹೊಡ್ಕೊಳ್ಳಲಿ ಬಿಡೇ," ಎಂದರು ಆಂಟಿ. "ಆ ಬೇಲಿ ಮೇಲೆ ಕೂತಿರೋದೇನು, ಅದನ್ನ ಹೇಳು ಮೊದ್ಲು."