ಯಾಕೂಬಸಾಬನ ಮೊಣಕಾಲು

ಬೈಲಹೊಂಗಲದ ಮುರಗೋಡ ರಸ್ತೆಯಲ್ಲಿ ಪಂಕ್ಚರ್ ತಿದ್ದುವಾಗ ಯಾಕೂಬಸಾಬ ಎಡಗಾಲನ್ನು ರಸ್ತೆಯವರೆಗೆ ಚಾಚಿಕೊಂಡೇ ಕೂರುತ್ತಾನೆ. ಮಡಚಲು ಬರುವುದಿಲ್ಲ. "ಸಾಬರ, ಗೇಟ್ ತಗೀರಿ!" ಎಂದು ಬೈಕಿನ ಹುಡುಗರು ಹಾರನ್ ಹೊಡೆದು ನಗುತ್ತಾರೆ. ಇವನು ಸಂಬಳ ತೆಗೆದುಕೊಂಡು ಹನ್ನೊಂದು ವರ್ಷ ಹಾಕಿ ಆಟ ಆಡಿದವನು ಎಂದರೆ ಊರಲ್ಲಿ ಅದಕ್ಕೆ ಬೆಲೆ ಕೊಡುವ ಜೀವ ಒಂದೇ, ಮಗಳು ಶಬನಮ್. ಹೆಂಡತಿ ನೂರಬಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದೂ ಅವಳೊಬ್ಬಳೇ.

ಹುಬ್ಬಳ್ಳಿಯ ಇಲಾಖೆಯೊಂದರ ತಂಡದಲ್ಲಿ ಅವನ ಕೆಲಸ ಸರಳ, ಆದರೆ ಹೊಲಸು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನ ಗೆರೆಯಿಂದ ಎಲ್ಲರಿಗಿಂತ ಮುಂದೆ ಓಡಿ, ಹೊಡೆಯುವವನ ಎದುರಿಗೆ ಹೋಗಿ ಬೀಳಬೇಕು. ಚೆಂಡು ಮೈಗೆ ಬಡಿದರೆ ಬಡಿಯಲಿ, ಗೋಲು ಆಗಬಾರದು. ಅವನೂ ಗೆಳೆಯ ಮಡಿವಾಳೆಪ್ಪನೂ ಪಾಳಿಯ ಮೇಲೆ ಓಡುತ್ತಿದ್ದರು. ಫೈನಲ್ ಇದ್ದ ದಿನ ಇಬ್ಬರೂ ಜರ್ಸಿ ಅದಲುಬದಲು ಮಾಡಿಕೊಳ್ಳುವುದು ಅವರ ಶಕುನ.

ತೊಂಬತ್ತೇಳರ ಫೈನಲಿನ ಕೊನೆಯ ಕಾರ್ನರ್. ಪಾಳಿ ಮಡಿವಾಳೆಪ್ಪನದು. ಆ ಹೇಡಿಯ ಕಾಲು ಗೆರೆ ಬಿಟ್ಟು ಏಳಲಿಲ್ಲ. ಯಾಕೂಬ ಓಡಿದ. ಗೋಲು ಉಳಿಯಿತು, ಮೊಣಕಾಲು ಹೋಯಿತು. ಮರುದಿನ ಪತ್ರಿಕೆಯವರು ಬೆನ್ನಿನ ನಂಬರು ನೋಡಿ ಮಡಿವಾಳೆಪ್ಪನ ಹೆಸರು ಹಾಕಿದರು. ಆಸ್ಪತ್ರೆಯಲ್ಲಿ ಮಲಗಿದ್ದ ಯಾಕೂಬ ಬಿದ್ದು ಬಿದ್ದು ನಕ್ಕ. "ಹೆಸರಿಂದೇನ ಐತಿ ಬಿಡಲೇ ಮಡಿವಾಳಾ, ಕಪ್ ನಮ್ದಾತು!"

ಮಡಿವಾಳೆಪ್ಪ ನಗಲಿಲ್ಲ. ಪತ್ರಿಕೆ ಕತ್ತರಿಸಿ ಇಟ್ಟುಕೊಂಡ. ಅದೇ ತುಂಡಿನ ಮೇಲೆ ಬಡ್ತಿ ಪಡೆದು ಸಾಹೇಬನಾದ, ನಿವೃತ್ತನಾಗಿ, ಈಗ ಶಬನಮ್ ಸೇರಬೇಕೆಂದಿರುವ ಹುಡುಗಿಯರ ಹಾಕಿ ತಂಡದ ಆಯ್ಕೆ ಸಮಿತಿಗೆ ಅಧ್ಯಕ್ಷನೂ ಆದ. ಯಾಕೂಬನನ್ನು ಇಲಾಖೆ ಗೋದಾಮಿನ ಬಾಗಿಲಿಗೆ ಕೂರಿಸಿ, ಕಡೆಗೆ ಅಲ್ಲಿಂದಲೂ ಎಬ್ಬಿಸಿತು.

ಹೋದ ತಿಂಗಳು ಮಡಿವಾಳೆಪ್ಪ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಇಳಿಯಲಿಲ್ಲ.

"ಯಾಕೂಬಾ, ನಾಳೆ ಸಾಲ್ಯಾಗ ನಂದು ಸತ್ಕಾರ ಐತಿ. ಆ ಫೈನಲ್ ಮಾತು ಬರತೈತಿ. ಶಬನಮ್ ಹೆಸರು ಪಟ್ಟಿಯೊಳಗ ಐತಿ, ಸಹಿ ಇನ್ನ ಆಗಿಲ್ಲ. ತಿಳೀತಿಲ್ಲೋ?"

ತಿಳಿಯದೆ ಏನು? ಮರುದಿನ ಯಾಕೂಬಸಾಬ ಮುಂದಿನ ಸಾಲಿನಲ್ಲೇ ಕುಳಿತ. ಪೇಟಾ ಸುತ್ತಿಕೊಂಡ ಮಡಿವಾಳೆಪ್ಪ ಆ ತುಂಡನ್ನು ಎತ್ತಿ ಹಿಡಿದು, ತಾನು ಹೇಗೆ ಓಡಿದೆ ಎಂದು ಕೈಕಾಲು ಆಡಿಸಿ ಹೇಳಿದ. ಅಷ್ಟಕ್ಕೇ ಬಿಟ್ಟಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

"ಪಾಳಿ ಈ ಯಾಕೂಬಂದಿತ್ತು. ಅಂಜಿ ಗೆರಿ ಮ್ಯಾಲೇ ನಿಂತ. ಬೇಕಾರ ಕೇಳ್ರಿ ಅವನ್ನ. ಹೌದಿಲ್ಲೋ ಯಾಕೂಬಾ?"

ಸಭೆ ತಿರುಗಿ ನೋಡಿತು. ಆಟಗಾರ್ತಿಯರ ನಡುವೆ ಶಬನಮ್ ಎದ್ದು ನಿಂತಿದ್ದಳು. ಅಪ್ಪ ಬಾಯಿ ಬಿಟ್ಟು ಆ ಮನುಷ್ಯನ ಮುಖಕ್ಕೆ ಉಗಿಯುತ್ತಾನೆಂದು ಕಾಯುತ್ತಿದ್ದಳು.

"ಹೌದ್ರಿ ಸರ," ಎಂದ ಯಾಕೂಬಸಾಬ.

ಚಪ್ಪಾಳೆ ಬಿತ್ತು. ಸಹಿಯಾದ ಪಟ್ಟಿ ಓದಿದರು, ಶಬನಮ್ ಹೆಸರು ಮೂರನೆಯದು.

ಮನೆಗೆ ಬಂದು ಅವಳು ಕೇಳಿದ್ದು ಒಂದೇ ಮಾತು. "ಅಬ್ಬಾ, ಖರೇ ಹೇಳು. ಕಾಲಿಗೆ ಏನಾಗಿತ್ತು?"

ನಿಜ ಹೇಳಿದರೆ ಹುಡುಗಿ ನಾಳೆಯೇ ಹೋಗಿ ಜರ್ಸಿಯನ್ನು ಮಡಿವಾಳೆಪ್ಪನ ಮುಖಕ್ಕೆ ಒಗೆದು ಬರುವವಳು. ಅವಳ ಸಿಟ್ಟು ಅವನಿಗೆ ಗೊತ್ತು, ಅದು ಅವನದೇ ಸಿಟ್ಟು.

"ಗೋದಾಮಿನ್ಯಾಗ ಚೀಲ ಬಿದ್ದಿತ್ತು ಬೇಟಾ."

ಅವಳು ಆ ಕಾಲನ್ನು ದಾಟಿ ಹೋಗಿ ತನ್ನ ಹಾಕಿ ಸ್ಟಿಕ್ಕು ಎತ್ತಿಕೊಂಡಳು.

"ನನ್ನ ಪಾಳಿ ಬಂದ್ರ ನಾ ಓಡತೇನಿ," ಎಂದಳು. "ಮಡಿವಾಳೆಪ್ಪ ಸರ್ ಓಡಿದಂಗ ಓಡತೇನಿ. ನಿನ್ನಂಗ ನಿಂದ್ರಂಗಿಲ್ಲ."

"ಓಡು ಬೇಟಾ," ಎಂದ ಯಾಕೂಬಸಾಬ.