ಪಂಚಾಯ್ತಿ ಬಾಗಿಲಿಗೆ ಕಟ್ಟಿದ ಗೋಡೆ

ನಮ್ಮೂರು ಶಹಾಬಾದಿಗೂ ವಾಡಿಗೂ ನಡುವೆ, ರೈಲುಹಳಿಯಿಂದ ಸ್ವಲ್ಪ ಒಳಗಿದೆ. ಅಲ್ಲಿ ಮನೆ, ಅಂಗಳ, ದನದ ಕೊಟ್ಟಿಗೆ, ಹೊಲದ ಬೇಲಿ ಎಲ್ಲವೂ ಹಲಗೆಯಂತೆ ಚಪ್ಪಟೆಯಾದ ಫರಸಿಕಲ್ಲಿನವು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂಡಿಸಿ ಗೋಡೆ ಏರಿಸುವುದು ಅಲ್ಲಿ ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲ. ಆದ್ದರಿಂದ ಪಂಚಾಯ್ತಿ ಕಚೇರಿಯ ಬಾಗಿಲಿಗೇ ಗೋಡೆ ಕಟ್ಟಿಬಿಡೋಣ ಎಂಬ ಮಾತು ಮೊದಲು ಯಾರ ಬಾಯಿಂದ ಬಂತೋ ಹೇಳುವುದು ಕಷ್ಟ. ನನ್ನ ಕಾಕಾ ಹೇಳಿದರು ಎಂದು ನನ್ನ ನೆನಪು. ಹೇಳಿದವಳು ತಾನು ಎಂದು ಅವ್ವ ಸಾಯುವವರೆಗೂ ವಾದಿಸಿದಳು.

ನಾನು ಆಗಷ್ಟೇ ಧಾರವಾಡದಲ್ಲಿ ಎಂ.ಎ. ಮುಗಿಸಿ, ನೌಕರಿ ಸಿಗದೆ ಊರಿಗೆ ಬಂದಿದ್ದೆ. ಮೈಸೂರು ರಾಜ್ಯದ ಕೊನೆಯ ವರ್ಷಗಳು ಅವು. ಪಂಚಾಯ್ತಿ ಚುನಾವಣೆಯಲ್ಲಿ ಕಾಕಾ ಒಬ್ಬ ಕಲ್ಲಿನ ಖಣಿ ಮಾಲೀಕರ ಎದುರು ನಿಂತು ಸೋತಿದ್ದರು. ಸೋತದ್ದು ಕೆಲವೇ ಓಟುಗಳಿಂದ. ಖಣಿಯಲ್ಲಿ ಕಲ್ಲು ಒಡೆಯುವವರ ಓಣಿಯಿಂದ ಬಂದ ಓಟುಗಳನ್ನು ಎಣಿಸುವವರು ಒಂದು ಕಡೆ ಸರಿಸಿಟ್ಟಿದ್ದರು. ಮಸಿ ಆರುವ ಮೊದಲೇ ಕಾಗದ ಮಡಚಿದ್ದರಿಂದ ಇನ್ನೊಬ್ಬ ಅಭ್ಯರ್ಥಿಯ ಚಿತ್ರದ ಮೇಲೂ ಗುರುತು ಮೂಡಿದೆ, ಇವು ರದ್ದು, ಎಂದರಂತೆ. ಇದನ್ನು ಕಣ್ಣಾರೆ ಕಂಡವರು ಊರಲ್ಲಿ ಇಬ್ಬರೋ ಮೂವರೋ. ಉಳಿದವರೆಲ್ಲ ಕೇಳಿ ನಂಬಿದವರು. ಮಾಲೀಕರು ಗೆದ್ದು ಚೇರಮನ್ ಕೂಡ ಆದರು.

'ಮತ್ತೊಮ್ಮೆ ಎಣಿಸಲಿ. ಅಷ್ಟೇ. ಮತ್ತೊಮ್ಮೆ ಎಣಿಸಿ ನಾ ಸೋತೀನಿ ಅಂದ್ರ ಅವರ ಕೊರಳಿಗೆ ನಾನೇ ಹಾರ ಹಾಕ್ತೀನಿ' ಎಂದು ಕಾಕಾ ಕಂಡವರಿಗೆಲ್ಲ ಹೇಳುತ್ತಿದ್ದರು. ಚಿತ್ತಾಪುರದ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದರು. ಉತ್ತರವಿರಲಿಲ್ಲ.

ಪುರಾವೆ ಏನಿದೆ ಎಂದು ನಾನು ಕೇಳಿದೆ. ಕಾಕಾ ಚಾದ ಬಟ್ಟಲು ಕೆಳಗಿಟ್ಟು, 'ಇಂವಾ ಧಾರವಾಡಕ್ಕ ಹೋಗಿ ಪುರಾವಿ ಕೇಳೂದೊಂದು ಕಲತು ಬಂದಾನ ನೋಡ್ರಿ' ಎಂದರು. ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕೆ ಎಂದುಕೊಳ್ಳುತ್ತೇನೆ.

ಹೊಸ ಚೇರಮನ್ನರು ಕುರ್ಚಿಯ ಮೇಲೆ ಕೂರಬೇಕಾದ ದಿನ, ಇನ್ನೂ ಪೂರ್ತಿ ಬೆಳಕು ಹರಿದಿರದ ಹೊತ್ತಿನಲ್ಲಿ, ಮನೆಗೊಂದರಂತೆ ಕಲ್ಲು ಬಂದವು. ತಲೆಯ ಮೇಲೆ ಹೊತ್ತವರು, ಇಬ್ಬರು ಕೂಡಿ ಎತ್ತಿದವರು, ಬಂಡಿಯಲ್ಲಿ ತಂದವರು. ಘೋಷಣೆ ಕೂಗುವುದು ಬೇಡ, ಬೀಗ ಮುರಿಯುವುದು ಬೇಡ, ಯಾರ ಮೈ ಮುಟ್ಟುವುದೂ ಬೇಡ ಎಂದು ಕಾಕಾ ಮೊದಲೇ ಹೇಳಿದ್ದರು. ಮತ್ತೊಮ್ಮೆ ಎಣಿಸುವ ತನಕ ಆ ಬಾಗಿಲಲ್ಲಿ ಯಾರೂ ಒಳಗೆ ಹೋಗಬಾರದು, ಅಷ್ಟೇ. ನಾನೂ ಒಂದು ಕಲ್ಲು ಇಟ್ಟೆ. ಬಿಸಿಲೇರುವ ಹೊತ್ತಿಗೆ ಗೋಡೆ ಚೌಕಟ್ಟಿನ ಮೇಲಿನವರೆಗೆ ಹೋಗಿತ್ತು. ಬಾಗಿಲಿಗೆ ಬೀಗ ಇತ್ತೋ ಇಲ್ಲವೋ, ಆ ಕತ್ತಲಲ್ಲಿ ಯಾರೂ ನೋಡಿರಲಿಲ್ಲ.

ಆಗ ಪಕ್ಕದ ಕಿಟಕಿಯ ಸರಳುಗಳ ಹಿಂದೆ ಚೇರಮನ್ನರ ಮುಖ ಕಾಣಿಸಿತು.

'ಏನ್ ಮಾಡಾಕತ್ತೀರಿ?' ಎಂದರು, ನಿಧಾನವಾಗಿ.

ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೊಸ ಗಾದಿಯ ಮೇಲೆ ಮೊದಲ ಸಲ ಕೂರುವಾಗ ಯಾರ ಕಣ್ಣೂ ಬೀಳಬಾರದು. ಮುಹೂರ್ತಕ್ಕೆ ಮೊದಲೇ ಒಬ್ಬರೇ ಹೋಗಿ, ಬಾಗಿಲು ಹಾಕಿಕೊಂಡು, ಆ ಗಳಿಗೆ ಮುಗಿಯುವವರೆಗೆ ಮಾತಾಡದೆ ಕೂರಬೇಕು. ಅವರು ನಮಗಿಂತ ಮೊದಲೇ ಬಂದು ಕೂತಿದ್ದರು. ಹೊರಗೆ ಕಲ್ಲಿನ ಮೇಲೆ ಕಲ್ಲು ಕೂಡುವ ಸದ್ದನ್ನೆಲ್ಲ ಕೇಳುತ್ತ, ಬಾಯಿ ಬಿಡಲಾಗದೆ ಕೂತಿದ್ದರು. ಒಳಗೆ ಹೋಗಬಾರದೆಂದು ಕಟ್ಟಿದ ಗೋಡೆ ಅವರನ್ನು ಕುರ್ಚಿಯ ಜೊತೆಗೇ ಒಳಗಿಟ್ಟಿತ್ತು.

ಜನ ನಗತೊಡಗಿದರು. 'ಹೊರಗ ಬರ್ರಿ ಸಾವಕಾರ್ರ, ಕಲ್ಲು ತೆಗೀತೀವಿ' ಎಂದು ಒಬ್ಬಾತ ಕೂಗಿದ. 'ಯಾಕ ಬರ್ಲಿ? ಕುಂತೀನಿ ನಾ. ಇಲ್ಲೇ ಕುಂದ್ರತೀನಿ' ಎಂದರು ಅವರು. ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬ ಅಂಜಿಕೆ ಅವರಿಗೆ. ಈಗ ಕಾನೂನು ಮುರಿದು ಕೂತವರು ಯಾರು, ಪ್ರತಿಭಟಿಸುತ್ತಿರುವವರು ಯಾರು ಎಂಬುದೇ ನನಗೆ ತಿಳಿಯದಾಯಿತು. ಮಧ್ಯಾಹ್ನ ಕಾಕಿ ಎರಡು ರೊಟ್ಟಿ, ಪುಂಡಿಪಲ್ಯ ತಂದು ಸರಳುಗಳ ನಡುವೆ ಕೊಟ್ಟಳು. 'ಮನುಷ್ಯಾನ್ನ ಉಪಾಸ ಇಡೂದು ನಮ್ಮ ಜಗಳದಾಗ ಇಲ್ಲ' ಎಂದಳು. ಅವರು ತಿಂದು, ಖಾರ ಭಾಳ ಆಗ್ಯದ ಎಂದರು.

ಸಂಜೆಯ ಹೊತ್ತಿಗೆ ತಹಶೀಲ್ದಾರರು ಪೊಲೀಸರೊಂದಿಗೆ ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು, ಕೆಟ್ಟ ಮನುಷ್ಯರಲ್ಲ. ಕಾಕಾರನ್ನು ಬದಿಗೆ ಕರೆದರು. ನಾನು ಹತ್ತಿರವೇ ನಿಂತಿದ್ದೆ.

'ನೋಡಿ, ಒಳಗೆ ಮನುಷ್ಯ ಇರೋದು ಗೊತ್ತಿರಲಿಲ್ಲ ಅಂತ ಹೇಳಿ. ತಪ್ಪಿ ಆಯ್ತು ಅಂತ ಬರ್ಕೋತೀನಿ. ಗೋಡೆ ತೆಗೆಸಿ. ನಿಮ್ಮ ಮರುಎಣಿಕೆ ಅರ್ಜಿಯನ್ನ ನಾನೇ ಮೇಲಕ್ಕೆ ಕಳಿಸ್ತೀನಿ. ಗೊತ್ತಿದ್ದೇ ಕಟ್ಟಿದ್ರಿ ಅಂದ್ರೆ ಕೇಸು. ಆಮೇಲೆ ಆ ಅರ್ಜಿಯನ್ನ ಯಾರೂ ಮುಟ್ಟಲ್ಲ.'

ಕಾಕಾ ತಿರುಗಿ ಜನರನ್ನು ನೋಡಿದರು. 'ಗೊತ್ತಿರಲಿಲ್ಲ ಅಂದ್ರ, ಇಷ್ಟು ಮಂದಿ ಹೊತ್ತು ತಂದ ಕಲ್ಲು ತಪ್ಪಿ ಇಟ್ಟದ್ದು ಅಂತ ಆಗ್ತದರಿ ಸಾಹೇಬ್ರ. ತಪ್ಪಿ ಇಟ್ಟಿಲ್ಲ. ಗೊತ್ತಿತ್ತು.'

'ಸುಳ್ಳು!' ಎಂದು ಕೂಗಿದವರು ಕಿಟಕಿಯೊಳಗಿನ ಚೇರಮನ್ನರು. 'ಅವ್ರಿಗೆ ಗೊತ್ತಿರಲಿಲ್ರಿ. ನಾ ಉಸುರು ಸುದ್ದಾ ಜೋರಾಗಿ ಬಿಟ್ಟಿಲ್ಲ.'

'ಕೆಮ್ಮಿದ್ರಿ ನೀವು!' ಎಂದರು ಕಾಕಾ.

'ನಾ ಎಲ್ಲಿ ಕೆಮ್ಮೀನಿ?'

'ಕೆಮ್ಮಿದ್ರಿ! ಎರಡು ಸಲ!'

ತಮ್ಮನ್ನು ಕೂಡಿಹಾಕಿದವರನ್ನು ಅವರು ಯಾಕೆ ಉಳಿಸಲು ಹೋದರು? ಕಾಕಿಯ ರೊಟ್ಟಿಯ ಋಣವೇ? ಅಥವಾ ಊರಿನವರೆಲ್ಲ ಏನೂ ತಿಳಿಯದ ಕುರಿಮಂದೆ ಎಂದು ತೋರಿಸುವ ಉಪಾಯವೇ? ಎರಡನ್ನೂ ನಾನು ಬೇರೆ ಬೇರೆ ವಯಸ್ಸಿನಲ್ಲಿ ನಂಬಿದ್ದೇನೆ.

ತಹಶೀಲ್ದಾರರಿಗೆ ರೇಗಿತು. 'ಕೆಮ್ಮಿದ್ದು ಯಾರಾದರೂ ಕೇಳಿದಿರಾ?' ಎಂದು ಜನರತ್ತ ತಿರುಗಿ ಕೇಳಿದರು. ಒಬ್ಬ ಮುದುಕ, 'ನಾ ಕೇಳೀನ್ರಿ' ಎಂದ. ಅವನಿಗೆ ಕಿವಿಯೇ ಮಂದ. ಆಮೇಲೆ ಇನ್ನೊಬ್ಬ, ಇನ್ನೊಬ್ಬಾಕೆ. ಹಾಗೆ ಒಬ್ಬೊಬ್ಬರಾಗಿ ಎಲ್ಲರೂ ಕೇಳಿದವರಾದರು. ಕೊನೆಗೆ ಅವರು ಪ್ಯಾಂಟು ತೊಟ್ಟಿದ್ದ ನನ್ನನ್ನು ನೋಡಿ, 'ನೀವು ಓದಿದವರು, ನೀವು ಹೇಳಿ' ಎಂದರು.

'ಹೌದು, ಕೇಳಿಸಿತು' ಎಂದೆ.

ಅವರು ಅರ್ಜಿಯಿದ್ದ ಫೈಲು ಮುಚ್ಚಿ ಚಾಲಕನ ಕೈಗೆ ಕೊಟ್ಟರು. ಕಾಕಾ ಚಪ್ಪಲಿ ಮೆಟ್ಟಿಕೊಂಡು ಜೀಪಿನ ಹಿಂದೆ ಹತ್ತಿ ಕೂತರು. ಗೋಡೆ ಇಳಿಯಿತು, ಮರುಎಣಿಕೆ ಆಗಲಿಲ್ಲ. ಆ ಓಟುಗಳ ಮೇಲೆ ನಿಜವಾಗಿ ಮಸಿ ಹತ್ತಿತ್ತೋ ಇಲ್ಲವೋ, ಕಾಕಾ ಗೆದ್ದಿದ್ದರೋ ಸೋತಿದ್ದರೋ ಊರಿಗೆ ಇವತ್ತಿಗೂ ತಿಳಿಯದು. ಒಳಗೆ ಯಾರೋ ಇದ್ದದ್ದು ಕಾಕಾರಿಗೆ ಗೊತ್ತಿರಲಿಲ್ಲ, ಹಟಕ್ಕೆ ಹಾಗಂದರು ಎಂದು ಕಾಕಿ ಹೇಳುತ್ತಿದ್ದಳು. ಕಾಕಾ ಮಾತ್ರ ಮಾತು ಬದಲಿಸಲಿಲ್ಲ.

ನಾನು ಅಂದು ಕೇಳಿ ಹೇಳಿದೆನೋ, ಹೇಳಿದ ಮೇಲೆ ಕೇಳಿಸತೊಡಗಿತೋ ಬಿಡಿಸಲಾರೆ. ಈಗ ಕಣ್ಣು ಮುಚ್ಚಿದರೆ ಆ ಕೆಮ್ಮು ತುಂಬ ಸ್ಪಷ್ಟವಾಗಿದೆ: ಒಣಗಿದ ಗಂಟಲಿನದು, ಅಂಗೈ ಅಡ್ಡ ಹಿಡಿದು ಒತ್ತಿದ್ದು, ಎರಡು ಸಲ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ಅದನ್ನು ನಂಬಲು ನನ್ನಿಂದ ಆಗುತ್ತಿಲ್ಲ.